ಮೈಸೂರು ನಗರದ ಬಾಡಿಗೆ ಮನೆ: ಬೆಲೆ, ಕಾಯಿದೆ ಮತ್ತು ನಂಬುಗೆಯ ಚರಿತ್ರೆ

ಪೀಠಿಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿರುವ ಗಾದೆ. ಗೃಹಸ್ಥ ಜೀವನದ ಎರಡು ದೊಡ್ಡ ಹೊಣೆಗಳನ್ನು ಜೋಡಿಸಿ ಹೇಳುವ ಈ ಗಾದೆಯಲ್ಲಿ ಮನೆ ಕಟ್ಟಿದವನ ಕಷ್ಟಕ್ಕೆ ಸ್ಥಾನವಿದೆ. ಕಟ್ಟಲಾರದೆ ಇನ್ನೊಬ್ಬರ ಮನೆಯಲ್ಲಿ ಬಾಳಿದವನ ಕಷ್ಟಕ್ಕೆ ಸ್ಥಾನವಿಲ್ಲ. ನಗರ ಚರಿತ್ರೆಯ ಬರವಣಿಗೆಯೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ಸಾಗಿದೆ. ಅರಮನೆ, ಕೋಟೆ, ದೇವಾಲಯ, ಛತ್ರ, ರಾಜಮಾರ್ಗಗಳ ಚರಿತ್ರೆ ವಿವರವಾಗಿ ದಾಖಲಾಗಿದೆ. ಕಂದಾಯದ ಪುಸ್ತಕದಲ್ಲಿ ಮನೆಯ ಮಾಲೀಕನ ಹೆಸರಿದೆ. ಆ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಹತ್ತು ವರ್ಷ ಸಂಸಾರ ಮಾಡಿ, ಮಕ್ಕಳನ್ನು ಓದಿಸಿ ಹೊರಟುಹೋದ ಗುಮಾಸ್ತನ ಹೆಸರು ಸಾಮಾನ್ಯವಾಗಿ ಯಾವ ಪುಸ್ತಕದಲ್ಲೂ ಉಳಿಯುವುದಿಲ್ಲ.

ಆದರೆ ಮೈಸೂರಿನಂಥ ಮಧ್ಯಮ ಗಾತ್ರದ ನಗರವನ್ನು ರೂಪಿಸಿದವರಲ್ಲಿ ಇಂತಹವರ ಪಾಲು ದೊಡ್ಡದು. ವಿದ್ಯಾರ್ಥಿಗಳು, ಉಪಾಧ್ಯಾಯರು, ವರ್ಗವಾಗಿ ಬಂದ ನೌಕರರು, ಕಾರ್ಖಾನೆಯ ಕೆಲಸಗಾರರು, ಹಳ್ಳಿಯಿಂದ ಬಂದು ನೆಲೆ ಹುಡುಕಿದ ಕುಟುಂಬಗಳು ಇಲ್ಲಿ ಮೊದಲು ಕಾಲೂರಿದ್ದು ಬಾಡಿಗೆ ಮನೆಗಳಲ್ಲಿ. ಬಾಡಿಗೆಯ ವ್ಯವಹಾರವನ್ನು ಬೇಡಿಕೆ-ಪೂರೈಕೆಗಳ ಲೆಕ್ಕದಲ್ಲಿ ವಿವರಿಸುವುದು ಅರ್ಥಶಾಸ್ತ್ರದ ಕ್ರಮ. ಆ ಲೆಕ್ಕ ಅವಶ್ಯಕವೇ ಆದರೂ ಸಾಲದು. ಖಾಲಿ ಇರುವ ಮನೆ, ಕೈಯಲ್ಲಿ ಹಣವಿರುವ ಬಾಡಿಗೆದಾರ, ಇಬ್ಬರಿಗೂ ಒಪ್ಪಿಗೆಯಾಗುವ ದರ, ಈ ಮೂರೂ ಇದ್ದು ಮನೆ ಸಿಗದಿರುವುದು ಈ ನಗರದಲ್ಲಿ ಸಾಮಾನ್ಯ ಅನುಭವ. ದರದ ಮಾತಿಗೆ ಮೊದಲು ಅಲ್ಲಿ ಇನ್ನೊಂದು ಮಾತು ನಡೆಯುತ್ತದೆ. ಅದು ನಂಬುಗೆಯ ಮಾತು. ‘ನಂಬುಗೆ’ ಎಂಬ ಪದವನ್ನು ಇಲ್ಲಿ ಅದರ ಎರಡೂ ಅರ್ಥಗಳಲ್ಲಿ ಗ್ರಹಿಸಲಾಗಿದೆ: ಒಬ್ಬರ ಮೇಲೆ ಇನ್ನೊಬ್ಬರಿಡುವ ವಿಶ್ವಾಸ ಮತ್ತು ಮನೆ, ಮಡಿ, ಮುಹೂರ್ತಗಳನ್ನು ಕುರಿತ ಜನಪದ ನಂಬಿಕೆ. ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಮೈಸೂರಿನ ಬಾಡಿಗೆಯ ದರ, ಕರಾರು, ಕಾಯಿದೆಗಳು ಹಲವು ಸಲ ಬದಲಾದರೂ ಬಾಗಿಲಲ್ಲಿ ನಡೆಯುವ ಈ ಮೊದಲ ಮಾತು ಹೇಗೆ ಉಳಿದುಬಂದಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದಗಳಲ್ಲಿ ಅಡಗಿರುವ ವ್ಯತ್ಯಾಸ

‘ಬಾಡಿಗೆ’ ಎಂಬುದು ಸಂಸ್ಕೃತದ ‘ಭಾಟಕ’ದ ತದ್ಭವ. ಗಾಡಿಗೂ ಎತ್ತಿಗೂ ಮನೆಗೂ ಅದೇ ಪದ. ಒಂದು ವಸ್ತುವಿನ ಬಳಕೆಗೆ ತೆರುವ ಹಣವನ್ನಷ್ಟೇ ಅದು ಸೂಚಿಸುತ್ತದೆ. ಮನೆಯಲ್ಲಿ ನೆಲೆ ನಿಲ್ಲುವುದನ್ನು ಹೇಳಲು ಕನ್ನಡದಲ್ಲಿ ಬೇರೆಯೇ ಪದಗಳಿವೆ. ‘ಒಕ್ಕಲು’ ಎಂದರೆ ಸಂಸಾರ, ನೆಲೆ, ಬೇಸಾಯಗಾರ ಎಂಬ ಅರ್ಥಗಳು ಒಟ್ಟಿಗೆ ಬರುತ್ತವೆ. ಮೈಸೂರು ಸೀಮೆಯಲ್ಲಿ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಎನ್ನುವ ರೂಢಿಯಿದೆ. ‘ಬಿಡಾರ’ ಇದಕ್ಕೆ ವಿರುದ್ಧವಾದುದು. ದಾರಿಯ ನಡುವೆ ಹೊರೆ ಇಳಿಸಿ ತಂಗುವ ತಾಣ ಅದು. ಬಾಡಿಗೆ ಮನೆ ಹಿಡಿಯುವುದಕ್ಕೆ ‘ಬಿಡಾರ ಹೂಡುವುದು’ ಎಂಬ ಮಾತು ಬಳಕೆಯಲ್ಲಿತ್ತು.

ಈ ಭೇದ ಆಚರಣೆಯಲ್ಲೂ ಕಾಣುತ್ತದೆ. ಸ್ವಂತ ಮನೆಗೆ ಒಕ್ಕಲು ಹೋಗುವಾಗ ಹೋಮ, ವಾಸ್ತುಶಾಂತಿ, ಬಂಧುಗಳ ಊಟ ಇರುತ್ತವೆ. ಬಾಡಿಗೆ ಮನೆಗೆ ಹೋಗುವಾಗ ನಡೆಯುವುದು ಹಾಲುಕ್ಕಿಸುವ ಶಾಸ್ತ್ರವೊಂದೇ. ದೇವರ ಪಟ, ತುಂಬಿದ ಕೊಡ, ಉಪ್ಪು, ಅಕ್ಕಿ, ಬೇಳೆಗಳನ್ನು ಮೊದಲು ಒಳಗಿಟ್ಟು, ಒಲೆಯ ಮೇಲೆ ಹಾಲನ್ನು ಉಕ್ಕಿಸಿ, ಅಕ್ಕಪಕ್ಕದವರಿಗೆ ಕೊಟ್ಟರೆ ಪ್ರವೇಶವಾದಂತೆ. ಗೋಡೆ ಬೇರೆಯವರದು, ಒಲೆ ನಮ್ಮದು ಎಂಬ ತಿಳಿವಳಿಕೆ ಈ ಕಿರಿದಾದ ಶಾಸ್ತ್ರದಲ್ಲಿ ಅಡಗಿದೆ. ಆ ಒಲೆಯ ಮೇಲೆ ಏನು ಬೇಯುತ್ತದೆ ಎಂಬ ಪ್ರಶ್ನೆಯೇ ಮುಂದೆ ಬಾಡಿಗೆ ವ್ಯವಹಾರದ ಕೇಂದ್ರ ಪ್ರಶ್ನೆಯಾಗಿ ಬೆಳೆಯಿತೆಂಬುದು ಗಮನಾರ್ಹ.

ಪ್ಲೇಗು ಮತ್ತು ಹೊಸ ಬಡಾವಣೆಗಳು

1799ರ ನಂತರ ಮೈಸೂರು ಮತ್ತೆ ರಾಜಧಾನಿಯಾಯಿತು. 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋಗಿ ಕಚೇರಿಗಳು ಬೆಂಗಳೂರಿಗೆ ಸ್ಥಳಾಂತರಗೊಂಡರೂ ಅರಮನೆ ಇಲ್ಲಿಯೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಮೈಸೂರು ಕೋಟೆ, ಅಗ್ರಹಾರ, ಕೇರಿ ಮತ್ತು ಮೊಹಲ್ಲಗಳ ಊರು. ದೇವರಾಜ, ಕೃಷ್ಣರಾಜ, ಚಾಮರಾಜ, ಮಂಡಿ, ಲಷ್ಕರ್, ನಜರ್‌ಬಾದ್ ಮೊದಲಾದ ಮೊಹಲ್ಲಗಳ ಒಳಗೆ ಕಸುಬು ಮತ್ತು ಜಾತಿಗಳಿಗನುಗುಣವಾದ ಕೇರಿಗಳಿದ್ದವು. ಅರಮನೆಯ ಆಶ್ರಿತರಿಗೆ ಅಲ್ಲಿಂದಲೇ ನೆಲೆ ದೊರೆಯುತ್ತಿತ್ತು, ಕಸುಬುದಾರನಿಗೆ ತನ್ನ ಕೇರಿಯಿತ್ತು, ಯಾತ್ರಿಕನಿಗೆ ಛತ್ರವಿತ್ತು. ಹೊರಗಿನಿಂದ ಬಂದವನು ತನ್ನವರ ಕೇರಿಗೇ ಹೋಗಿ ಇಳಿಯುತ್ತಿದ್ದುದರಿಂದ ಅಪರಿಚಿತನಿಗೆ ಮನೆ ಕೊಡುವ ಪ್ರಸಂಗಗಳು ಕಡಿಮೆಯಾಗಿದ್ದವು.

1898ರಲ್ಲಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿದ ಪ್ಲೇಗು ಈ ವ್ಯವಸ್ಥೆಯನ್ನು ಅಲುಗಾಡಿಸಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಮನೆ ಬಿಡಬೇಕೆಂಬುದು ಜನರ ಅನುಭವಜನ್ಯ ತಿಳಿವಳಿಕೆ. ಊರ ಹೊರಗೆ ಗುಡಿಸಲು ಹಾಕಿ ತಿಂಗಳುಗಟ್ಟಲೆ ಕಳೆದ ನೆನಪುಗಳು ಹಳೆಯ ತಲೆಮಾರಿನ ಮಾತಿನಲ್ಲಿ ಬಹುಕಾಲ ಉಳಿದವು. ನಾಡಿನ ಹಲವೆಡೆ ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಹೆಸರುಗಳಲ್ಲಿ ನೆಲೆ ನಿಂತ ದೇವತೆಗಳು ಆ ಭೀತಿಯ ಸಾಕ್ಷಿಗಳು. 1901ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 68,111. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಗೊಂಡಿತು. ಇಕ್ಕಟ್ಟಾದ ಕೇರಿಗಳನ್ನು ತೆರವುಗೊಳಿಸುವುದು, ಚರಂಡಿ ನಿರ್ಮಿಸುವುದು, ಗಾಳಿ ಬೆಳಕುಗಳಿರುವ ಬಡಾವಣೆಗಳನ್ನು ಮಾಡುವುದು ಅದರ ಕಾರ್ಯವಾಗಿತ್ತು. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು, ಮುಂದೆ ಸರಸ್ವತೀಪುರಂ ಮೊದಲಾದ ಬಡಾವಣೆಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ರೂಪುಗೊಂಡವು.

ಈ ಬಡಾವಣೆಗಳ ನೇರ ರಸ್ತೆಗಳ ಹಿಂದೆ ಕನ್ಸರ್ವೆನ್ಸಿ ಎಂದು ಕರೆಯಲಾಗುವ ಕಿರು ಓಣಿಗಳಿವೆ. ಮಲ ಹೊರುವವರು ಮನೆಯ ಮುಂಬಾಗಿಲ ಕಡೆಗೆ ಬಾರದೆ ಹಿಂದಿನಿಂದಲೇ ಬಂದು ಹೋಗುವಂತೆ ಮಾಡಿದ ಏರ್ಪಾಡು ಅದು. ಆರೋಗ್ಯ ವಿಜ್ಞಾನದ ಆಧಾರದ ಮೇಲೆ ರಚಿತವಾದ ಹೊಸ ನಕ್ಷೆಯಲ್ಲೂ ಹಳೆಯ ಜಾತಿವ್ಯವಸ್ಥೆಗೆ ಒಂದು ಓಣಿ ಉಳಿದುಕೊಂಡಿತು. ಮುಂದೆ ಒಳಚರಂಡಿ ಬಂದು ಆ ಓಣಿಗಳ ಮೂಲ ಉಪಯೋಗ ತಪ್ಪಿತು. ಆದರೆ ಮುಂಬಾಗಿಲಲ್ಲಿ ಯಾರು ನಿಲ್ಲಬಹುದು ಎಂಬ ವಿವೇಚನೆ ಅದರೊಂದಿಗೆ ಹೋಗಲಿಲ್ಲ.

ವಿದ್ಯಾರ್ಥಿ, ನೌಕರ ಮತ್ತು ವಠಾರ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ನಗರಕ್ಕೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಏರಿತು. ಬಡ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ವಾರಾನ್ನದ ಪದ್ಧತಿಯಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ, ಮಲಗಲು ಯಾರದಾದರೂ ಜಗಲಿ ಅಥವಾ ಕೋಣೆ. ಈ ಸೌಲಭ್ಯ ಜಾತಿಯ ಪರಿಚಯವನ್ನೇ ಆಧರಿಸಿದ್ದುದರಿಂದ ಇತರ ಸಮುದಾಯಗಳ ಹುಡುಗರಿಗೆ ಅದು ಎಟುಕುತ್ತಿರಲಿಲ್ಲ. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯ ಸುತ್ತ ಹಿಂದುಳಿದ ವರ್ಗಗಳ ಶಿಕ್ಷಣ ಮತ್ತು ಉದ್ಯೋಗಗಳ ಚರ್ಚೆ ನಡೆದ ಕಾಲದಲ್ಲಿ ಸಮುದಾಯವಾರು ವಿದ್ಯಾರ್ಥಿನಿಲಯಗಳು ಪ್ರಾಮುಖ್ಯ ಪಡೆದುದಕ್ಕೆ ಇದೂ ಒಂದು ಕಾರಣ. ಓದಬೇಕಾದರೆ ಮೊದಲು ಊರಿನಲ್ಲಿ ಇರಲು ಜಾಗ ಬೇಕಾಗಿತ್ತು. ಬಾಡಿಗೆಯ ಕೋಣೆ ಎಲ್ಲರಿಗೂ ತೆರೆದಿರಲಿಲ್ಲ.

ಸಂಸಾರಸ್ಥರಿಗೆ ದೊರೆತ ವಸತಿ ರೂಪಗಳಲ್ಲಿ ವಠಾರ ಮುಖ್ಯವಾದುದು. ನಡುವೆ ಅಂಗಳ, ಸುತ್ತ ಅಥವಾ ಎದುರುಬದುರು ಸಾಲಾಗಿ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರಗಳು, ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ನಲ್ಲಿ, ಹಿಂಭಾಗದಲ್ಲಿ ಕಕ್ಕಸು, ಮುಂಭಾಗದಲ್ಲಿ ಮಾಲೀಕನ ಮನೆ. ಇದು ಅದರ ಸಾಮಾನ್ಯ ಸ್ವರೂಪ. ಕೂಡುಕುಟುಂಬಗಳು ಒಡೆದಂತೆ ದೊಡ್ಡ ತೊಟ್ಟಿಮನೆಗಳನ್ನು ಹಂಚಿ ಬಾಡಿಗೆಗೆ ಕೊಟ್ಟಾಗಲೂ ಇದೇ ರೂಪ ಬಂತು. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರು ‘ಮಿಸ್ಟರ್ ಸಂಪತ್’ (1949) ಕಾದಂಬರಿಯಲ್ಲಿ ಒಂದೇ ನಲ್ಲಿಯನ್ನು ಅವಲಂಬಿಸಿದ ಬಾಡಿಗೆದಾರರನ್ನೂ ಜಿಪುಣ ಮಾಲೀಕನನ್ನೂ ಚಿತ್ರಿಸಿರುವುದು ಈ ಬದುಕಿನ ಪರಿಚಯದಿಂದಲೇ ಎನ್ನಬಹುದು.

ಜಾನಪದ ದೃಷ್ಟಿಯಿಂದ ವಠಾರ ಒಂದು ಸಂಗಮಸ್ಥಾನ. ಹಾಸನ, ಮಂಡ್ಯ, ಕೊಳ್ಳೇಗಾಲ, ನಂಜನಗೂಡುಗಳ ಕಡೆಯಿಂದ ಬಂದ ಹೆಂಗಸರು ಒಂದೇ ಅಂಗಳದಲ್ಲಿ ಹಪ್ಪಳ ಸಂಡಿಗೆ ಒಣಗಿಸಿದರು. ಒಬ್ಬರ ಸೋಬಾನೆ, ಆರತಿಯ ಹಾಡುಗಳನ್ನು ಇನ್ನೊಬ್ಬರು ಕಲಿತರು. ನವರಾತ್ರಿಯಲ್ಲಿ ಮಕ್ಕಳು ಬಾಗಿಲಿಂದ ಬಾಗಿಲಿಗೆ ಹೋಗಿ ಗೊಂಬೆ ನೋಡಿ ಚರುಪು ಪಡೆದರು. ಬಾಣಂತಿಗೆ ಎಣ್ಣೆ-ನೀರು, ಮಗುವಿನ ದೃಷ್ಟಿ ತೆಗೆಯುವುದು, ಸಾವಿನ ಮನೆಗೆ ಅನ್ನ ಕಳಿಸುವುದು ನೆರೆಯ ಧರ್ಮವಾಗಿದ್ದವು. ಆದರೆ ವಠಾರವನ್ನು ಸೌಹಾರ್ದದ ತವರೆಂದಷ್ಟೇ ಬಣ್ಣಿಸುವುದು ಅಪೂರ್ಣವಾಗುತ್ತದೆ. ನಲ್ಲಿಯ ಸರದಿ, ಮಡಿನೀರು, ಮುಟ್ಟು, ಮೈಲಿಗೆಗಳ ಸುತ್ತ ಜಗಳಗಳಿದ್ದವು. ಮುಖ್ಯವಾಗಿ, ವಠಾರದ ಆತ್ಮೀಯತೆ ಒಳಗೆ ಬಂದವರಿಗೆ ಮಾತ್ರ ಸಲ್ಲುತ್ತಿತ್ತು. ಒಂದೇ ಬಾವಿಯ ನೀರು ಸೇದುವವರಾದ್ದರಿಂದ ಯಾರನ್ನು ಒಳಗೆ ಬಿಡಬೇಕೆಂಬುದನ್ನು ಮಾಲೀಕ ಮೊದಲೇ ಸೋಸುತ್ತಿದ್ದ. ಒಳಗಿನ ಬೆಚ್ಚನೆಯ ನಂಟಿಗೂ ಬಾಗಿಲ ಕಟ್ಟುನಿಟ್ಟಿಗೂ ಒಂದೇ ಬೇರು.

ಬಾಡಿಗೆ ನಿಯಂತ್ರಣ ಮತ್ತು ಬಾಯಿಮಾತಿನ ಮಾರುಕಟ್ಟೆ

1931ರ ವೇಳೆಗೆ ನಗರದ ಜನಸಂಖ್ಯೆ ಲಕ್ಷ ದಾಟಿತು. 1941ರಲ್ಲಿ ಒಂದೂವರೆ ಲಕ್ಷವಾಯಿತು. ರೈಲ್ವೆ ಕಾರ್ಯಾಗಾರ, ಕೃಷ್ಣರಾಜೇಂದ್ರ ಗಿರಣಿ ಮೊದಲಾದವು ಕೆಲಸಗಾರರನ್ನು ಸೆಳೆದಿದ್ದವು. ಸ್ವಾತಂತ್ರ್ಯಾನಂತರ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ (1950), ಮಾನಸಗಂಗೋತ್ರಿ (1960), ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ (1963), ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆ (1965), ಭಾರತೀಯ ಭಾಷಾ ಸಂಸ್ಥಾನ (1969) ಹೀಗೆ ಒಂದಾದ ಮೇಲೊಂದು ಸಂಸ್ಥೆ ಬಂದು, ದೇಶದ ನಾನಾ ಭಾಗಗಳ ನೌಕರರಿಗೆ ಮನೆಗಳು ಬೇಕಾದವು.

ಈ ಒತ್ತಡದ ಕಾಲದಲ್ಲಿ 1951ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯಿದೆಯೂ, ಅದರ ಸ್ಥಾನದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆಯೂ ಬಂದವು. ನ್ಯಾಯವಾದ ಬಾಡಿಗೆಯನ್ನು ನಿಗದಿ ಮಾಡುವುದು, ಕಾರಣವಿಲ್ಲದೆ ಒಕ್ಕಲೆಬ್ಬಿಸದಂತೆ ತಡೆಯುವುದು, ಬಾಡಿಗೆಯ ಮೇಲೆ ಪಗಡಿಯಂಥ ಹೆಚ್ಚುವರಿ ಹಣ ವಸೂಲು ಮಾಡದಂತೆ ನಿಷೇಧಿಸುವುದು ಇವುಗಳ ಆಶಯ. ಮನೆ ಖಾಲಿಯಾದರೆ ಮಾಲೀಕ ಅದನ್ನು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು. ಅಧಿಕಾರಿ ಅದನ್ನು ಅರ್ಹರಿಗೆ ಹಂಚಬಹುದಾಗಿತ್ತು. ಮನೆ ಯಾರಿಗೆ ಎಂಬ ತೀರ್ಮಾನವನ್ನು ಕಾಗದದ ಮೇಲಾದರೂ ಮಾಲೀಕನ ಕೈಯಿಂದ ತೆಗೆದುಕೊಂಡ ಕ್ರಮವಿದು.

ಅದಕ್ಕೆ ಸಮಾಜ ಕಂಡುಕೊಂಡ ಉತ್ತರ ಕುತೂಹಲಕರವಾದುದು. ಖಾಲಿ ಮನೆಯ ಸುದ್ದಿ ಫಲಕ ಏರದೆ ಬಾಯಿಂದ ಬಾಯಿಗೆ ಹರಿಯಿತು. ಹಾಲು ಹಾಕುವವನು, ಹೂ ಮಾರುವವಳು, ಇಸ್ತ್ರಿ ಅಂಗಡಿಯವನು, ದಿನಸಿ ಅಂಗಡಿಯ ಶೆಟ್ಟರು, ಮನೆಗೆ ಬರುವ ಪುರೋಹಿತರು ಈ ಸುದ್ದಿಯ ವಾಹಕರಾದರು. ಇವರು ಮನೆಯ ಸುದ್ದಿಯನ್ನು ಮಾತ್ರ ಒಯ್ಯುತ್ತಿರಲಿಲ್ಲ. ‘ಒಳ್ಳೇ ಜನ, ನಮಗೆ ಗೊತ್ತು’ ಎಂಬ ಜಾಮೀನನ್ನೂ ಒಯ್ಯುತ್ತಿದ್ದರು. ಕಾಯಿದೆಯ ಭಾಷೆಯೂ ಜನರ ಆಡುಮಾತಿಗೆ ಇಳಿಯಿತು. ಮಾಲೀಕನ ಸ್ವಂತ ವಾಸದ ನೈಜ ಅಗತ್ಯ ಒಕ್ಕಲೆಬ್ಬಿಸಲು ಕಾಯಿದೆ ಒಪ್ಪುವ ಕಾರಣಗಳಲ್ಲೊಂದಾಗಿತ್ತು. ‘ಮಗನಿಗೆ ಮದುವೆ ಗೊತ್ತಾಗಿದೆ, ಮನೆ ಸ್ವಂತಕ್ಕೆ ಬೇಕು’ ಎಂಬುದು ಮನೆ ಬಿಡಿಸುವಾಗಿನ ಸಿದ್ಧ ಮಾತಾಯಿತು. ಮದುವೆ ನಡೆಯಲಿ ನಡೆಯದಿರಲಿ, ಆ ಮಾತಿನ ಅರ್ಥ ಇಬ್ಬರಿಗೂ ತಿಳಿದಿತ್ತು.

ಕಾಯಿದೆ ಒಳಗಿದ್ದವನನ್ನು ಕಾಪಾಡಿತೆಂಬುದರಲ್ಲಿ ಸಂಶಯವಿಲ್ಲ. ಹಳೆಯ ಬಾಡಿಗೆಗೇ ದಶಕಗಳ ಕಾಲ ಉಳಿದ ಕುಟುಂಬಗಳು ಹಳೆಯ ಮೊಹಲ್ಲಗಳಲ್ಲಿ ಇದ್ದವು. ಆದರೆ ಒಮ್ಮೆ ಒಳಗೆ ಬಿಟ್ಟವನನ್ನು ಹೊರಗೆ ಕಳಿಸುವುದು ಕಷ್ಟವೆಂದಾದಾಗ ಮಾಲೀಕ ಒಳಗೆ ಬಿಡುವ ಮುನ್ನ ಇನ್ನಷ್ಟು ವಿಚಾರಿಸತೊಡಗಿದ. ಹೀಗೆ ರಕ್ಷಣೆಯ ಕಾಯಿದೆಯೇ ಪರಿಚಯದ ಬೆಲೆಯನ್ನು ಹೆಚ್ಚಿಸಿತು.

ಪಂಚಾಂಗ ಮತ್ತು ಬಾಡಿಗೆಯ ಋತುಮಾನ

ಬಾಡಿಗೆ ಮಾರುಕಟ್ಟೆಯ ಏರಿಳಿತಗಳಿಗೆ ಪಂಚಾಂಗವೂ ಒಂದು ಕಾರಣ. ಆಷಾಢ ಮತ್ತು ಧನುರ್ಮಾಸಗಳನ್ನು ಶೂನ್ಯಮಾಸಗಳೆಂದು ಭಾವಿಸಿ ಆಗ ಮನೆ ಬದಲಾಯಿಸುವುದನ್ನು ಹೆಚ್ಚಿನವರು ತಪ್ಪಿಸುತ್ತಾರೆ, ಪಿತೃಪಕ್ಷವೂ ಹಾಗೆಯೇ. ಇತ್ತ ಶಾಲಾ ಕಾಲೇಜುಗಳು ಬೇಸಗೆ ಕಳೆದು ತೆರೆಯುತ್ತವೆ. ನೌಕರರ ವರ್ಗಾವಣೆಗಳೂ ಅದೇ ಸುಮಾರಿಗೆ ಬರುತ್ತವೆ. ಆಷಾಢಕ್ಕೆ ಮೊದಲು ಮನೆ ಹಿಡಿಯಬೇಕೆಂಬ ಅವಸರದಿಂದ ವೈಶಾಖ, ಜ್ಯೇಷ್ಠಗಳಲ್ಲಿ ಬೇಡಿಕೆ ಏರುತ್ತದೆ. ಆಷಾಢದಲ್ಲಿ ಖಾಲಿ ಬಿದ್ದ ಮನೆ ಶ್ರಾವಣದವರೆಗೆ ಕಾಯುತ್ತದೆ. ದಕ್ಷಿಣಕ್ಕೆ ಬಾಗಿಲಿರುವ ಮನೆಗೆ ಬೇಡಿಕೆ ಕಡಿಮೆಯಾಗಿ, ಪೂರ್ವಕ್ಕೆ ಅಥವಾ ಉತ್ತರಕ್ಕೆ ಬಾಗಿಲಿರುವುದು ಬೇಗ ಹೋಗುವುದೂ ಇಂಥದೇ ನಂಬಿಕೆಯ ಫಲ.

ಇವೆಲ್ಲ ಅನಾನುಕೂಲಗಳಷ್ಟೆ. ಸಾವಿಗೆ ಸಂಬಂಧಿಸಿದ ನಂಬಿಕೆ ಇನ್ನೂ ಕಠಿಣವಾದುದು. ಧನಿಷ್ಠಾ ನಕ್ಷತ್ರದ ಉತ್ತರಾರ್ಧದಿಂದ ರೇವತಿಯವರೆಗಿನ ಧನಿಷ್ಠಾ ಪಂಚಕದಲ್ಲಿ ಮರಣ ಸಂಭವಿಸಿದರೆ ಆ ಮನೆಯನ್ನು ಕೆಲವು ತಿಂಗಳ ಕಾಲ ಬಿಟ್ಟಿರಬೇಕೆಂಬ ನಂಬಿಕೆ ಕರ್ನಾಟಕದಲ್ಲಿ ಪ್ರಬಲವಾಗಿದೆ. ಸ್ವಂತ ಮನೆಯವರು ಶಾಂತಿ ಮಾಡಿಸಿ, ಕೆಲಕಾಲ ಬೇರೆಡೆ ಇದ್ದು ಮರಳುತ್ತಾರೆ. ಬಾಡಿಗೆದಾರನಿಗೆ ಮರಳುವ ದಾರಿಯಿಲ್ಲ. ಕಾಯಿಲೆಯ ವೃದ್ಧರಿರುವ ಕುಟುಂಬಕ್ಕೆ ಮನೆ ಕೊಡಲು ಹಿಂಜರಿಯುವುದು, ಆಸ್ಪತ್ರೆಯಲ್ಲಿ ತೀರಿಕೊಂಡವರ ದೇಹವನ್ನು ಬಾಡಿಗೆ ಮನೆಯೊಳಗೆ ತರದೆ ಬಾಗಿಲಲ್ಲೇ ಇರಿಸಿ ಅಥವಾ ನೇರವಾಗಿ ಸ್ಮಶಾನಕ್ಕೋ ಹುಟ್ಟೂರಿಗೋ ಒಯ್ಯುವುದು ಈ ಕಾರಣದಿಂದ ಬಂದ ರೂಢಿಗಳು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದ ಮನೆಯಲ್ಲಿಯೂ ಸಾಯುವ ಹಕ್ಕು ಬಾಡಿಗೆದಾರನಿಗೆ ದೊರೆಯುವುದಿಲ್ಲ. ಯಾವ ಕರಾರು ಪತ್ರದಲ್ಲೂ ಬರೆಯದ, ಆದರೆ ಇಬ್ಬರೂ ಪಾಲಿಸುವ ಷರತ್ತು ಇದು. ಬಿಡಾರಕ್ಕೂ ಒಕ್ಕಲಿಗೂ ಇರುವ ಅಂತರ ಇಲ್ಲಿ ನಿಚ್ಚಳವಾಗಿ ತೋರುತ್ತದೆ.

ಮುಂಗಡ, ಭೋಗ್ಯ ಮತ್ತು ಹನ್ನೊಂದು ತಿಂಗಳು

ಬಾಯಿಮಾತಿನ ಜಾಮೀನು ಸಾಲದಾದಂತೆ ಹಣದ ಜಾಮೀನು ಬೆಳೆಯಿತು. ಒಂದೆರಡು ತಿಂಗಳ ಬಾಡಿಗೆಯಷ್ಟಿದ್ದ ಮುಂಗಡ ಕ್ರಮೇಣ ಏರಿ, ಬೆಂಗಳೂರಿನಂತೆ ಮೈಸೂರಿನಲ್ಲೂ ಹತ್ತು ತಿಂಗಳ ಮುಂಗಡ ಕೇಳುವ ರೂಢಿ ಬಂತು. ಮನೆ ಬಿಡುವಾಗ ಸುಣ್ಣಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ರೂಢಿ. ಇದರ ಜೊತೆಗೆ ಭೋಗ್ಯದ ಪದ್ಧತಿಯಿದೆ. ದೊಡ್ಡ ಮೊತ್ತವೊಂದನ್ನು ಮಾಲೀಕನಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಮೊತ್ತವನ್ನು ಹಾಗೆಯೇ ಹಿಂದೆ ಪಡೆಯುವುದು ಇದರ ಕ್ರಮ. ಗದ್ದೆ ತೋಟಗಳನ್ನು ಭೋಗ್ಯಕ್ಕೆ ಹಾಕುವ ಗ್ರಾಮೀಣ ಪದ್ಧತಿ ನಗರದ ಮನೆಗೆ ಹೊಂದಿಕೊಂಡ ಬಗೆ ಇದು. ಮಗಳ ಮದುವೆಗೋ ಮಹಡಿ ಕಟ್ಟಿಸಲೋ ಹಣ ಬೇಕಾದ ಮಾಲೀಕನಿಗೆ ಇದು ಬಡ್ಡಿಯಿಲ್ಲದ ಸಾಲ. ಉಳಿತಾಯವಿರುವ ಬಾಡಿಗೆದಾರನಿಗೆ ಬಾಡಿಗೆಯಿಲ್ಲದ ಮನೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಮೊದಲೇ ಇದ್ದು ಹರಾಜಿಗೆ ಬಂದರೆ ಭೋಗ್ಯದಾರನ ಹಣ ಅಪಾಯಕ್ಕೀಡಾಗುತ್ತದೆ. ಇಲ್ಲಿಯೂ ವ್ಯವಹಾರ ನಿಂತಿರುವುದು ನಂಬುಗೆಯ ಮೇಲೆಯೇ.

ಹನ್ನೊಂದು ತಿಂಗಳ ಕರಾರು ಇನ್ನೊಂದು ರೂಢಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ, ಆ ಮಿತಿಯೊಳಗೆ ಉಳಿಯಲು ಒಂದು ತಿಂಗಳು ಕಡಿಮೆ ಮಾಡಿ ಬರೆಯಲಾಗುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದು 1961ರ ಕಾಯಿದೆ ರದ್ದಾಯಿತು. ಪ್ರದೇಶಕ್ಕನುಗುಣವಾಗಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊಸ ಕಾಯಿದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬಾಡಿಗೆಗಳು ಏರಿದಂತೆ ಬಹುಪಾಲು ಮನೆಗಳು ತಾವಾಗಿಯೇ ಅದರ ಹೊರಗುಳಿದವು. 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಲು ಸೂಚಿಸಿತು. ಅದು ರಾಜ್ಯಗಳಿಗೆ ಕೊಟ್ಟ ಮಾದರಿಯೇ ಹೊರತು ಕಡ್ಡಾಯ ಶಾಸನವಲ್ಲ.

ಬಾಗಿಲಲ್ಲಿ ಕೇಳುವ ಪ್ರಶ್ನೆ

‘ಯಾವ ಕಡೆಯವರು?’, ‘ಮನೆಯಲ್ಲಿ ಎಷ್ಟು ಜನ?’, ‘ನೀವು ನಾನ್‌ವೆಜ್ಜಾ?’, ‘ಯಾರ ಪೈಕಿ?’ ಬಾಡಿಗೆ ಮನೆ ಕೇಳಿ ಬಂದವರಿಗೆ ಎದುರಾಗುವ ಈ ಪ್ರಶ್ನೆಗಳು ಸಾಮಾನ್ಯವಾಗಿ ಇದೇ ಅನುಕ್ರಮದಲ್ಲಿ ಬರುತ್ತವೆ. ಮೊದಲನೆಯದು ಸೌಜನ್ಯದ ರೂಪದಲ್ಲಿರುತ್ತದೆ. ಊರಿನ ಹೆಸರಿನಿಂದ, ಮನೆತನದ ಹೆಸರಿನಿಂದ ಜಾತಿ ತಿಳಿದರೆ ಕೊನೆಯದನ್ನು ಕೇಳಬೇಕಾಗುವುದಿಲ್ಲ. ಆಹಾರದ ಪ್ರಶ್ನೆ ಬಹುವೇಳೆ ಜಾತಿಯ ಪ್ರಶ್ನೆಗೆ ಮುಸುಕು. ‘ಸಸ್ಯಾಹಾರಿಗಳಿಗೆ ಮಾತ್ರ’, ‘ಸಂಸಾರಸ್ಥರಿಗೆ ಮಾತ್ರ’ ಎಂಬ ಫಲಕಗಳು ಹೇಳಬಹುದಾದುದನ್ನು ಹೇಳಿ, ಹೇಳಲಾಗದುದನ್ನು ಬಾಗಿಲಿಗೆ ಬಿಡುತ್ತವೆ. ನಿರಾಕರಣೆಗೂ ಸಿದ್ಧ ಮಾತುಗಳಿವೆ: ‘ನೆನ್ನೆ ತಾನೇ ಅಡ್ವಾನ್ಸ್ ತಗೊಂಡುಬಿಟ್ವಿ’, ‘ನಮ್ಮ ನೆಂಟರು ಬರ್ತಾರಂತೆ’. ಮಾತು ಮೃದುವಾಗಿದ್ದರೂ ಕೇಳಿದವರಿಗೆ ಅರ್ಥವಾಗುತ್ತದೆ.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರು ಪಡೆದ ಶಾಸನ, ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಪಡೆಯಲು ಅಥವಾ ಅದರಲ್ಲಿ ನೆಲೆಸಲು ಅಸ್ಪೃಶ್ಯತೆಯ ನೆಲೆಯಲ್ಲಿ ಅಡ್ಡಿಪಡಿಸುವುದನ್ನು ಅಪರಾಧವೆಂದು ಪರಿಗಣಿಸಿದೆ. ಆದರೆ ಮಾತಿನಲ್ಲಿ ಪ್ರಕಟವಾಗದ ಅಪರಾಧವನ್ನು ಸಾಬೀತುಪಡಿಸುವುದು ಕಷ್ಟ. ‘ನೆಂಟರು ಬರುತ್ತಾರೆ’ ಎಂಬ ಮಾತಿನಲ್ಲಿ ಯಾವ ಜಾತಿಯ ಹೆಸರೂ ಇಲ್ಲ. ಹೀಗಾಗಿ ಶಾಸನ ಮತ್ತು ರೂಢಿ ಮುಖಾಮುಖಿಯಾಗದೆ ಅಕ್ಕಪಕ್ಕದಲ್ಲೇ ಸಾಗಿವೆ. ಒಂದು ಕಾಲಕ್ಕೆ ಆದಿಕರ್ನಾಟಕಪುರವೆಂದು ಹೆಸರಾಗಿದ್ದ ಅಶೋಕಪುರಂನಿಂದ ಓದಿ ನೌಕರಿ ಹಿಡಿದವರು, ಉದಯಗಿರಿಯಂಥ ಮುಸ್ಲಿಂ ಬಾಹುಳ್ಯದ ಬಡಾವಣೆಗಳವರು ಬೇರೆಡೆ ಬಾಡಿಗೆಗೆ ಹುಡುಕುವಾಗ ಹೆಚ್ಚು ಬಾಗಿಲು ತಟ್ಟಬೇಕಾಗುತ್ತದೆ. ಒಂಟಿ ಹೆಣ್ಣುಮಕ್ಕಳೂ ಗಂಡನನ್ನು ಕಳೆದುಕೊಂಡವರೂ ಇದೇ ಸಾಲಿನಲ್ಲಿದ್ದಾರೆ. ಮನೆ ಸಿಗುವವರೆಗೆ ಹೊಸ ಕೆಲಸಕ್ಕೆ, ಮಕ್ಕಳ ಶಾಲೆಗೆ ದೂರದಿಂದ ಓಡಾಡುವ ಖರ್ಚು ಅವರದೇ. ಹೀಗೆ ನಂಬುಗೆಯ ಕೊರತೆಗೂ ಒಂದು ಬಾಡಿಗೆಯಿದೆ. ಅದನ್ನು ತೆರುವವರು ಅವರು.

ಹೊಸ ಶತಮಾನದ ಬದಲಾವಣೆಗಳು

1988ರಲ್ಲಿ ಹಳೆಯ ವಿಶ್ವಸ್ಥ ಮಂಡಳಿಯ ಸ್ಥಾನದಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಕುವೆಂಪುನಗರ, ವಿಜಯನಗರ, ರಾಮಕೃಷ್ಣನಗರಗಳಂಥ ಬಡಾವಣೆಗಳಲ್ಲಿ ಕೆಳಗೆ ಮಾಲೀಕ, ಮೇಲೆ ಬಾಡಿಗೆದಾರ ಎಂಬ ಮಹಡಿ ಮನೆಯ ಮಾದರಿ ನೆಲೆಯೂರಿತು. ಮನೆ ಕಟ್ಟಲು ತಂದ ಸಾಲದ ಕಂತಿಗೆ ಮೇಲಿನ ಬಾಡಿಗೆ ಆಧಾರ. ವಠಾರದ ಅಂಗಳ ಹೋಗಿ ಮೆಟ್ಟಿಲು ಬಂತು. ನಲ್ಲಿ ಬೇರೆಯಾಯಿತು, ಮೀಟರು ಬೇರೆಯಾಯಿತು. ಒಂದೇ ಬಾವಿಯ ಕಾರಣ ಹೋದರೂ ಬಾಗಿಲಿನ ಪ್ರಶ್ನೆ ಹೋಗಲಿಲ್ಲ. ಪ್ರಶ್ನೆಯ ಮೂಲ ನೀರಿನ ಹಂಚಿಕೆಯಲ್ಲಿ ಮಾತ್ರ ಇರಲಿಲ್ಲವೆಂಬುದಕ್ಕೆ ಇದೇ ನಿದರ್ಶನ.

2005ರಲ್ಲಿ ಇನ್ಫೋಸಿಸ್ ಸಂಸ್ಥೆಯ ಜಾಗತಿಕ ಶಿಕ್ಷಣ ಕೇಂದ್ರ ನಗರದಲ್ಲಿ ಆರಂಭವಾಯಿತು. ತರಬೇತಿಗೆ ಬಂದವರಿಗೆ ಆವರಣದೊಳಗೇ ವಸತಿಯಿದ್ದರೂ ಹೆಬ್ಬಾಳ, ವಿಜಯನಗರಗಳ ಕಡೆ ಬಾಡಿಗೆಯ ನಿರೀಕ್ಷೆ ಬೆಳೆಯಿತು. ಪಿ.ಜಿ. ಎಂದು ಕರೆಯಲಾಗುವ ವಸತಿಗೃಹಗಳು ಹೆಚ್ಚಿದವು. ಮನೆಯ ಬದಲು ಮಂಚವೊಂದಕ್ಕೆ ಬಾಡಿಗೆ ತೆರುವ ಈ ಕ್ರಮದಲ್ಲಿ ಒಲೆಯೇ ಇಲ್ಲ. ಆದ್ದರಿಂದ ಒಲೆಯ ಪ್ರಶ್ನೆಯೂ ಮೊನಚು ಕಳೆದುಕೊಂಡಿದೆ. 2020ರ ಕೋವಿಡ್ ದಿಗ್ಬಂಧನದಲ್ಲಿ ವಿದ್ಯಾರ್ಥಿಗಳು ಊರಿಗೆ ಮರಳಿ ಇಂಥ ವಸತಿಗಳು ಬರಿದಾದವು. ಪ್ಲೇಗಿನಲ್ಲಿ ಜನ ಮನೆ ಬಿಟ್ಟು ಬಯಲಿಗೆ ಹೋದರೆ, ಕೋವಿಡ್‌ನಲ್ಲಿ ಬಾಡಿಗೆ ಬಿಟ್ಟು ಹುಟ್ಟೂರಿಗೆ ಹೋದರು.

ಗೋಕುಲಂ ಬಡಾವಣೆಯ ಉದಾಹರಣೆ ವಿಶೇಷವಾಗಿ ಗಮನಿಸತಕ್ಕದ್ದು. ಲಕ್ಷ್ಮೀಪುರಂನಲ್ಲಿದ್ದ ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡ ಮೇಲೆ ಹಲವು ದೇಶಗಳ ಯೋಗಾಭ್ಯಾಸಿಗಳು ತಿಂಗಳ ಲೆಕ್ಕದಲ್ಲಿ ಮನೆ, ಕೋಣೆಗಳನ್ನು ಹಿಡಿಯತೊಡಗಿದರು. ಸಾಮಾನು ಸಹಿತ ಕೋಣೆ, ಕಡಿಮೆ ಅವಧಿ, ಹೆಚ್ಚಿನ ಬಾಡಿಗೆ ಇವು ಅಲ್ಲಿ ರೂಢಿಯಾದವು. ‘ಯಾರ ಪೈಕಿ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲದ ಈ ಬಾಡಿಗೆದಾರರಿಗೆ ಗೌರವಸ್ಥ ಮನೆತನಗಳ ಬಾಗಿಲುಗಳೂ ತೆರೆದವು. ಜಾತಿಯ ಲೆಕ್ಕಕ್ಕೆ ಸಿಗದ ಪರದೇಶದವನಿಗೆ ಕೊಡಬಹುದಾದ ಕೋಣೆಯನ್ನು ಪಕ್ಕದ ತಾಲ್ಲೂಕಿನವನಿಗೆ ಕೊಡಲು ತಡೆಯುವುದು ಮಡಿಯ ಶಾಸ್ತ್ರವಲ್ಲ, ನೆರೆಹೊರೆಯ ಶ್ರೇಣೀಕರಣ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬದಲಾಗದೆಂದು ಭಾವಿಸಲಾದ ರೂಢಿ ಅಗತ್ಯವಿದ್ದಲ್ಲಿ ಸಡಿಲಗೊಳ್ಳಬಲ್ಲದೆಂಬುದಕ್ಕೂ ಇದು ಸಾಕ್ಷಿ.

ಉಪಸಂಹಾರ

2011ರ ಜನಗಣತಿಯ ವೇಳೆಗೆ ಮೈಸೂರು ನಗರದ ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸಿಗೆ ಬಂದಿತ್ತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡಿತು. ಖಾಲಿ ಮನೆಯ ಸುದ್ದಿಯನ್ನು ಈಗ ಹೂವಾಡಗಿತ್ತಿಗಿಂತ ಮೊಬೈಲು ಬೇಗ ತಲುಪಿಸುತ್ತದೆ. ಸುದ್ದಿ ಎಲ್ಲರಿಗೂ ತಲುಪುವುದೇನೋ ಹೌದು. ಮನೆ ಎಲ್ಲರಿಗೂ ತಲುಪುವುದಿಲ್ಲ. ಫೋನಿನಲ್ಲಿ ಹೆಸರು ಕೇಳಿದೊಡನೆ ಮಾತು ಮುಗಿಯುವುದೂ ಉಂಟು.

ಈ ಚರಿತ್ರೆಯಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಒಂದು, ಬಾಡಿಗೆ ಕಾಯಿದೆಗಳು ದರ, ಅವಧಿ ಮತ್ತು ಒಕ್ಕಲೆಬ್ಬಿಸುವಿಕೆಗಳನ್ನು ಕುರಿತು ಮಾತನಾಡಿದವು. ಇವು ಒಳಗೆ ಬಂದವರ ಸಮಸ್ಯೆಗಳು. ಒಳಗೆ ಬರಲಾಗದವರ ಸಮಸ್ಯೆ ಅವುಗಳ ಕೈಗೆ ಸಿಗಲಿಲ್ಲ. ಎರಡು, ಮನೆಯನ್ನು ಕುರಿತ ಜನಪದ ನಂಬಿಕೆಗಳನ್ನು ಮೌಢ್ಯವೆಂದು ತಳ್ಳಿಹಾಕುವುದಾಗಲಿ, ಪರಂಪರೆಯೆಂದು ಕೊಂಡಾಡುವುದಾಗಲಿ ಅಧ್ಯಯನಕ್ಕೆ ನೆರವಾಗುವುದಿಲ್ಲ. ಹಾಲುಕ್ಕಿಸಿ ನೆರೆಯವರಿಗೆ ಹಂಚುವ ಶಾಸ್ತ್ರವೂ, ಒಲೆಯ ಮೇಲಿನ ಪಾತ್ರೆಯನ್ನು ವಿಚಾರಿಸುವ ಪ್ರಶ್ನೆಯೂ ಒಂದೇ ಪರಂಪರೆಯ ಎರಡು ಮುಖಗಳು. ಮೊದಲನೆಯದು ಅಪರಿಚಿತನನ್ನು ನೆರೆಯವನನ್ನಾಗಿ ಮಾಡುತ್ತದೆ. ಎರಡನೆಯದು ಅವನನ್ನು ಹೊರಗೇ ನಿಲ್ಲಿಸುತ್ತದೆ. ಜಾನಪದ ಸಂಗ್ರಹಗಳಲ್ಲಿ ಮೊದಲನೆಯದಕ್ಕೆ ಸ್ಥಾನ ದೊರೆತಿದೆ. ಬಾಗಿಲಿನ ಪ್ರಶ್ನೆಗಳು, ನಿರಾಕರಣೆಯ ಸಿದ್ಧ ಮಾತುಗಳು, ಅವನ್ನು ಕೇಳಿಸಿಕೊಂಡು ಮುಂದಿನ ಬಾಗಿಲಿಗೆ ನಡೆದವರ ಅನುಭವ ಕಥನಗಳು ಕೂಡ ನಗರ ಜಾನಪದದ ಸಾಮಗ್ರಿಯೇ. ಅವನ್ನು ಕ್ರಮಬದ್ಧವಾಗಿ ದಾಖಲಿಸುವ ಕೆಲಸ ನಡೆದಾಗ ಮಾತ್ರ ಮೈಸೂರಿನ ಬಾಡಿಗೆ ಮನೆಗಳ ಚರಿತ್ರೆ, ಆ ಮನೆಗಳಲ್ಲಿ ಬಾಳಿದವರ ಜೊತೆಗೆ ಅಲ್ಲಿ ಬಾಳಲು ಅವಕಾಶ ಸಿಗದವರ ಚರಿತ್ರೆಯೂ ಆಗುತ್ತದೆ.